ಎಲ್ಲಿ ಕಡಿಯಲಿ?

ಇಂಗ್ಲಿಷ್ ಪತ್ರಿಕೆಯಲ್ಲಿ ನಾನು ಓದುವುದು ಬಲ ಅಂಚನ್ನು ಮಾತ್ರ. ಯುದ್ಧ, ಚುನಾವಣೆ, ಷೇರುಪೇಟೆ ನಡುವೆ ಎಲ್ಲೋ ಬಿದ್ದಿರಲಿ. ಸಾಲಿನ ತುದಿಯಲ್ಲಿ ಜಾಗ ಸಾಲದ ಪದವನ್ನು ಎಲ್ಲಿ ಕಡಿದು ಅಡ್ಡಗೆರೆ ಎಳೆದಿದ್ದಾರೆ ಎಂಬುದೇ ನನಗೆ ಸುದ್ದಿ. ನಾನು ಇದನ್ನು ಹವ್ಯಾಸ ಎನ್ನುತ್ತೇನೆ, ಮನೆಯವರು ಕಾಯಿಲೆ ಎನ್ನುತ್ತಾರೆ.

ಇದರ ಮೂಲ ಹೈಸ್ಕೂಲಿನ ಛಂದಸ್ಸಿನ ಪಾಠದ ಪ್ರಸ್ತಾರ. ಕನ್ನಡದಲ್ಲಿ ಅಕ್ಷರ ಮುಗಿದಲ್ಲಿ ಕತ್ತರಿ. ಒತ್ತಕ್ಷರ ಇಡಿಯಾಗಿ ಮುಂದಕ್ಕೆ ಹೋಗುತ್ತದೆ, ಹಿಂದಿನದು ಗುರುವಾಗಿ ಸುಮ್ಮನಾಗುತ್ತದೆ. ಆ ಲೆಕ್ಕದಲ್ಲಿ 'ಡಾ-ಕ್ಟರ್'. ಇಂಗ್ಲಿಷಿನವರು ಒತ್ತನ್ನೇ ಸೀಳಿ 'ಡಾಕ್-ಟರ್' ಮಾಡುತ್ತಾರೆ. ಅದನ್ನೂ ಸಹಿಸಿಕೊಂಡೆ.

ಹಬ್ಬದ ಊಟದಲ್ಲಿ ಕೂತು 'ನಾಲೆಜ್' ಎಲ್ಲಿ ಕಡಿಯಬೇಕು ಎಂದು ಕೇಳಬಾರದಿತ್ತೇನೋ. ಕೇಳಿದೆ.

"ಕೆ ಎನ್ ಓ ಡಬ್ಲ್ಯು ಆದ್ಮೇಲೆ ಕಣಯ್ಯಾ. 'ನೋ' ಮೂಲಪದ, ಅದನ್ನ ಮುಟ್ಟಬಾರದು," ಎಂದರು ಬ್ರಿಟಿಷ್ ನಿಘಂಟು ಕುಡಿದು ಬೆಳೆದ ಮಾವ.

"ಬಾಯಲ್ಲಿ ನೋ-ಲೆಜ್ ಅಂತೀರಾ ಮಾವ? ನಾಲ್ ಅಂತೀವಿ. ಎಲ್ ಹಿಂದಕ್ಕೇ ಹೋಗ್ಬೇಕು," ಎಂದರು ನ್ಯೂಜೆರ್ಸಿಯಿಂದ ಬಂದಿದ್ದ ಭಾವ.

ಎಲ್ ಅಕ್ಷರ ಎಲೆಯಿಂದ ಎಲೆಗೆ ಓಡಾಡತೊಡಗಿತು. ಮಾವ ಹಪ್ಪಳ ಎತ್ತಿದರು. "ನೋಡು, ಇದು ಮೂಲಪದ, ಇದು ಪ್ರತ್ಯಯ" ಎಂದು ಮುರಿದರು. ಹಪ್ಪಳ ಐದು ಚೂರಾಯಿತು. ಐದೂ ಚೂರನ್ನು ಎಲೆಯ ಅಂಚಿನಲ್ಲಿ ಸಾಲಾಗಿ ಜೋಡಿಸಿ, ಎಲ್ ಯಾವುದು ಎಂದು ಹುಡುಕಿದರು. ಭಾವ ಒಂದು ಚೂರನ್ನು ಎಡಕ್ಕೆ ಸರಿಸಿದರು. ಮಾವ ಬಲಕ್ಕೆ ಸರಿಸಿದರು. ಆ ಚೂರು ಪಾಯಸಕ್ಕೆ ಬಿತ್ತು. ಅತ್ತೆ ಇನ್ನೆರಡು ಹಪ್ಪಳ ಬಡಿಸಿ, "ಇವನ್ನಾದ್ರೂ ತಿನ್ರಿ" ಎಂದರು. ಅವೂ ವಾದಕ್ಕೇ ಹೋದವು. ನಾನಂತೂ ಬಡಿಸಿದ್ದು ಏನೆಂಬುದನ್ನೇ ಮರೆತು ಆನಂದಪಟ್ಟೆ.

ಇಬ್ಬರೂ ಸರಿ. ಬ್ರಿಟಿಷರು ಪದದ ಹುಟ್ಟು ನೋಡಿ ಕಡಿಯುತ್ತಾರೆ, ಅಮೆರಿಕನ್ನರು ಉಚ್ಚಾರ ಕೇಳಿ. ಅಮೆರಿಕದ ನಿಘಂಟುಕಾರ ನೋಹ ವೆಬ್‌ಸ್ಟರ್ 1783ರ ತನ್ನ ಕಾಗುಣಿತದ ಪುಸ್ತಕದಲ್ಲೇ ಕಿವಿಯ ಪಕ್ಷ ಹಿಡಿದಿದ್ದ. ಕಿವಿಯನ್ನು ನಂಬಿದರೂ ಕಷ್ಟವೇ: 'ರೆಕಾರ್ಡ್' ನಾಮಪದವಾದರೆ ಸಿ ಹಿಂದಕ್ಕೆ, ಕ್ರಿಯಾಪದವಾದರೆ ಮುಂದಕ್ಕೆ.

ಕಂಪ್ಯೂಟರಿಗೆ ಈ ಕಡಿಯುವ ವಿದ್ಯೆಯನ್ನು ಚೆನ್ನಾಗಿ ಕಲಿಸಿದವರಲ್ಲೊಬ್ಬರು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತರ ಶಿಷ್ಯ ಫ್ರಾಂಕ್ ಲಿಯಾಂಗ್. 1983ರ ಅವರ ಸ್ಟ್ಯಾನ್‌ಫರ್ಡ್ ಪ್ರಬಂಧದ ಶೀರ್ಷಿಕೆಯೇ 'ವರ್ಡ್ ಹೈ-ಫನ್-ಏ-ಷನ್ ಬೈ ಕಂ-ಪ್ಯೂಟ್-ಅರ್' ಎಂದು ತುಂಡುತುಂಡು! ಅವರ 4447 ಅಕ್ಷರ ಮಾದರಿಗಳು ನಿಘಂಟಿನ ಅಡ್ಡಗೆರೆಗಳಲ್ಲಿ ಶೇ. 89ನ್ನು ಹಿಡಿಯುತ್ತವೆ. ಆದರೂ ಪುಟ ಕಟ್ಟಲು ಕನೂತರು ಬರೆದ ಟೆಕ್ ತಂತ್ರಾಂಶಕ್ಕೆ 14 ಪದಗಳನ್ನು ಬೇರೆಯಾಗಿ ಹೇಳಿಕೊಡಬೇಕಾಯಿತು. ಅದರಲ್ಲೊಂದು ಟೇಬಲ್.

ಒಂದು ದಿನ ಕೋರ್ಟ್ ವರದಿಯೊಂದರ ಅಂಚಿನಲ್ಲಿ 'ಮ್ಯಾನ್-ಸ್ಲಾಟರ್' (ನರಹತ್ಯೆ) ತಪ್ಪಾಗಿ ಕಡಿದುಹೋಗಿತ್ತು. ಎಸ್ ಮೇಲೆಯೇ ಉಳಿದು, ಕೆಳಗಿನ ಸಾಲಿನಲ್ಲಿ 'ಲಾಫ್ಟರ್', ಅಂದರೆ ನಗು. ನಕ್ಕೆ. ಆಮೇಲೆ ಪೂರ್ತಿ ವರದಿ ಓದಿದೆ. ಸತ್ತವನು ಹತ್ತೊಂಬತ್ತರ ಹುಡುಗ.

ಪುಟ ಕಟ್ಟುವ ಸ್ವಾಮಿಗಳೇ, ಅನುಮಾನ ಬಂದ ಪದವನ್ನು ಇಡಿಯಾಗಿ ಮುಂದಿನ ಸಾಲಿಗೆ ತಳ್ಳಿ. ಅದೂ ಆಗದಿದ್ದರೆ, ಕರಡು ತಿದ್ದಲು ಒಬ್ಬ ಮನುಷ್ಯನಿಗೆ ಸಂಬಳ ಕೊಡಿ.