ಅಂಗಳಕ್ಕೆ ಬಂದ ಅರಬ್ಬೀ ಸಮುದ್ರ

ಸಮುದ್ರ ಕಾಣುವ ಮನೆಯೇ ಬೇಕೆಂದು ಹಟ ಹಿಡಿದು ಉಳ್ಳಾಲಕ್ಕೆ ಬಾಡಿಗೆಗೆ ಬಂದವನು ನಾನು. ಜುಲೈಯ ಒಂದು ಹುಣ್ಣಿಮೆ ರಾತ್ರಿ ಸಮುದ್ರಕ್ಕೂ ನನ್ನನ್ನು ಕಾಣುವ ಆಸೆಯಾಯಿತು. ಉಬ್ಬರಕ್ಕೆ ಮಳೆಗಾಳಿ ಜೊತೆಯಾಗಿ, ಕಡಲ್ಕೊರೆತ ತಡೆಯಲು ಪೇರಿಸಿದ್ದ ಕಲ್ಲುಗಳನ್ನೂ ಹಾರಿ ಬಂದ ನೀರು ಮೊದಲು ಒಯ್ದದ್ದು ನನ್ನ ಎಡಗಾಲಿನ ಚಪ್ಪಲಿಯನ್ನು. ಬಲಗಾಲಿನದು ಅದಕ್ಕೆ ಅಳತೆ ಸರಿಹೋಗಲಿಲ್ಲವೇನೋ! ಲುಂಗಿ ಎತ್ತಿಕಟ್ಟಿ, ಟಾರ್ಚು ಹಿಡಿದು, ವೀರನಂತೆ ನೀರಿಗಿಳಿದೆ.

"ಈಜಲಿಕ್ಕೆ ಬರ್ತದಾ ಮಾರಾಯ್ರೆ?" ಪಕ್ಕದ ಮನೆಯ ಅಕ್ಕ ಕೂಗಿದರು.

"ಪುಸ್ತಕದಲ್ಲಿ ಓದಿದ್ದೇನೆ ಅಕ್ಕಾ!"

ಮರುಕ್ಷಣ ಇಬ್ಬರು ನನ್ನನ್ನು ಅಕ್ಕಿಮೂಟೆಯಂತೆ ಹೊತ್ತು ಅಕ್ಕನ ಎತ್ತರದ ಜಗಲಿಗೆ ಹಾಕಿದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆಯಲ್ಲವೇ, ಕಡಲಿಗಿಳಿಯುವ ಗಂಡಾಳುಗಳೆಲ್ಲ ಊರಲ್ಲೇ ಇದ್ದರು. ಎರಡು ವರ್ಷ ಬರೀ ತಲೆಯಾಡಿಸಿಕೊಂಡಿದ್ದ ನೆರೆಯವರ ಜೊತೆ ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ. ರಾತ್ರಿಯಿಡೀ ನನ್ನ ಮಡಿಲಲ್ಲಿ ಯಾರದೋ ಕೋಳಿ; ಅದಕ್ಕೂ ಈಜು ಬಾರದಂತೆ.

ಬೆಳಿಗ್ಗೆ ನೀರಿಳಿದಾಗ ಅಂಗಳದಲ್ಲಿ ಒಂದು ಎಡಗಾಲಿನ ಚಪ್ಪಲಿ ಬಿದ್ದಿತ್ತು. ನನ್ನದಲ್ಲ, ಎರಡು ಅಳತೆ ದೊಡ್ಡದು. ಈಗಲೂ ಅದನ್ನೇ ಮೆಟ್ಟಿಕೊಂಡು ಮೀನು ಮಾರುಕಟ್ಟೆಗೆ ಹೋಗುತ್ತೇನೆ, ವಾರಸುದಾರರು ಗುರುತಿಸಿಯಾರೆಂಬ ಭಯದಲ್ಲಿ.