ಬಳಕೆದಾರರ ಕೈಪಿಡಿ: ದಾವಣಗೆರೆ–ಹರಿಹರ ಆವೃತ್ತಿ

ಬಳಸುವ ಮುನ್ನ ಓದಿ

ಅಭಿನಂದನೆಗಳು. ನಿಮ್ಮ ಆಫೀಸು ಕೊನೆಗೂ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ತಂತ್ರಾಂಶ ಕೊಂಡಿದೆ. ಯಾರು ಯಾವ ಕೆಲಸ ಹಿಡಿದಿದ್ದಾರೆ, ಅದು ಎಲ್ಲಿಗೆ ಬಂತು ಎಂದು ತಿಳಿಯಲು ಇನ್ನು ಮುಂದೆ ಪಿ.ಬಿ. ರಸ್ತೆಯ ಚಹಾ ಅಂಗಡಿಗೆ ಹೋಗಬೇಕಿಲ್ಲ, ಪರದೆ ನೋಡಿದರೆ ಸಾಕು. ಪರದೆ ನೋಡಿದ ಮೇಲೂ ಚಹಾ ಅಂಗಡಿಗೇ ಹೋಗಿ ಕೇಳುತ್ತೀರಿ, ಆ ಮಾತು ಬೇರೆ.

ನೀವು ಕೊಂಡದ್ದು ಜಿರಾ ಆಗಿದ್ದರೆ ಒಂದು ಸೂಚನೆ: ಅದಕ್ಕೂ ಜೀರಿಗೆಗೂ ಸಂಬಂಧವಿಲ್ಲ. ಆಸ್ಟ್ರೇಲಿಯಾದ ಅಟ್ಲಾಸಿಯನ್ ಕಂಪನಿ 2002ರಲ್ಲಿ ಹೊರತಂದ ಈ ತಂತ್ರಾಂಶದ ಹೆಸರು ‘ಗೊಜಿರಾ’ ಎಂಬುದರ ತುಂಡು. ಜಪಾನಿ ಸಿನಿಮಾದ ಗಾಡ್ಜಿಲ್ಲಾಕ್ಕೆ ಅಲ್ಲಿನವರು ಕರೆಯುವ ಹೆಸರು ಅದು. ಸೋಮವಾರ ಬೆಳಿಗ್ಗೆ ನಲವತ್ತು ಟಿಕೆಟ್, ಅಂದರೆ ಕೆಲಸದ ಚೀಟಿ, ಒಟ್ಟಿಗೆ ಎದುರು ನಿಂತಾಗ ಹೆಸರಿಟ್ಟವರು ತಿಳಿದವರು ಅನ್ನಿಸುತ್ತದೆ.

ಹಂತ 1: ಕೆಲಸ ಒಪ್ಪಿಕೊಳ್ಳುವುದು

ಕೆಲವು ತಂತ್ರಾಂಶಗಳಲ್ಲಿ ಕೆಲಸ ಬಂದ ಕೂಡಲೇ ‘ಒಪ್ಪಿದೆ’, ‘ಒಲ್ಲೆ’ ಎಂಬ ಎರಡು ಗುಂಡಿ ಕಾಣುತ್ತವೆ. ಇನ್ನು ಕೆಲವಲ್ಲಿ ಗುಂಡಿಯೇ ಇಲ್ಲ. ಮ್ಯಾನೇಜರ್ ನಿಮ್ಮ ಹೆಸರು ಹಚ್ಚಿದರೆ ಮುಗಿಯಿತು, ಕೂಸು ನಿಮ್ಮದು.

ಎರಡು ಗುಂಡಿ ನಮ್ಮ ಸೀಮೆಗೆ ಸಾಲವು. ಇಲ್ಲಿ ಚಾಲ್ತಿಯಲ್ಲಿರುವುದು ಮೂರನೆಯದು: ‘ಆಗ್ತೈತಿ ಬಿಡ್ರಿ’. ಕೇಳಿದವರು ಒಪ್ಪಿದ ಎಂದುಕೊಂಡು ಹೋಗುತ್ತಾರೆ, ಹೇಳಿದವನು ಸದ್ಯ ಇವರು ಹೋದರೆ ಸಾಕು ಎಂದುಕೊಳ್ಳುತ್ತಾನೆ. ಮಾತನ್ನು ಇನ್ನೊಮ್ಮೆ ಕೇಳಿಸಿಕೊಳ್ಳಿ. ಕೆಲಸ ಹಿಡಿಯುವ ಮಾತಿನ ಬಾಲದಲ್ಲೇ ‘ಬಿಡು’ ಕೂತಿದೆ.

ಆದ್ದರಿಂದ ಬಳಕೆದಾರರು ಮೊದಲು ರೂಢಿ ಮಾಡಿಕೊಳ್ಳಬೇಕಾದ್ದು ‘ಒಲ್ಲೆ’ ಗುಂಡಿ. ಒತ್ತಿ, ಕೆಳಗಿನ ಚೌಕದಲ್ಲಿ ಒಂದು ಸಾಲು ಕಾರಣ ಬರೆಯಿರಿ: ‘ಈ ವಾರ ಕೈಯಲ್ಲಿ ಮೂರು ಕೆಲಸ ಇವೆ, ಗುರುವಾರದ ಮೇಲಾದರೆ ಮಾಡುವೆ’. ಇದು ಒರಟುತನವಲ್ಲ. ಇಲ್ಲ ಅನ್ನಲು ಬಾರದವನ ಹೂಂಗುಟ್ಟುವಿಕೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಂತ 2: ಸ್ಥಿತಿ ತಿಳಿಸುವುದು

ಪರದೆಯ ಮೇಲೆ ನಾಲ್ಕು ಕಂಬಗಳಿವೆ: ಮಾಡಬೇಕು, ನಡೆದಿದೆ, ಪರಿಶೀಲನೆ, ಮುಗಿದಿದೆ. ಕೆಲಸದ ಚೀಟಿಯನ್ನು ಒಂದರಿಂದ ಇನ್ನೊಂದಕ್ಕೆ ಎಳೆದು ಬಿಡಬೇಕು. ಎಳೆಯುವುದು ಸುಲಭ, ತೊಡಕಿರುವುದು ವ್ಯಾಕರಣದಲ್ಲಿ. ‘ಆಗ್ತೈತಿ’ ಅಂದರೆ ಈಗ ನಡೆಯುತ್ತಿದೆ ಎಂದೂ ಅರ್ಥ, ಮುಂದೆಂದಾದರೂ ಆದೀತು ಎಂದೂ ಅರ್ಥ. ಕನ್ನಡದ ಒಂದೇ ಕ್ರಿಯಾಪದ ಮೊದಲೆರಡು ಕಂಬಗಳ ಮೇಲೂ ಕಾಲು ಚಾಚಿ ಮಲಗಿದೆ.

‘ಆಗೇತಿ’ ಇನ್ನೂ ಮೋಸದ್ದು. ಹಬ್ಬದ ಮುಂಚೆ ದರ್ಜಿಯ ಬಳಿ ಹೋಗಿ. ‘ನಿಮ್ದು ಆಗೇತಿ, ಕಾಜಾ-ಗುಂಡಿ ಒಂದು ಬಾಕಿ’ ಅನ್ನುತ್ತಾನೆ. ಅವನ ತಲೆಯ ಹಿಂದಿನ ಕಪಾಟಿನಲ್ಲಿ ನಿಮ್ಮ ಬಟ್ಟೆ ಕತ್ತರಿ ಕಾಣದೆ, ಅಳತೆಯ ಚೀಟಿ ಸಿಕ್ಕಿಸಿಕೊಂಡು, ಅಂಗಡಿಯಿಂದ ತಂದ ಮಡಿಕೆಯಲ್ಲೇ ಕೂತಿರುತ್ತದೆ. ಇದನ್ನು ‘ನಡೆದಿದೆ’ ಕಂಬಕ್ಕೆ ಎಳೆಯಬೇಡಿ. ಕತ್ತರಿ ತಾಗಿದ ಮೇಲೆ ಎಳೆಯಿರಿ.

ಹಂತ 3: ಶೇಕಡಾ ಎಷ್ಟು?

ಹುಬ್ಬಳ್ಳಿಯಿಂದ ದಾವಣಗೆರೆಗೆ ಸುಮಾರು 145 ಕಿ.ಮೀ. ತುಂಗಭದ್ರೆಯ ಸೇತುವೆ ದಾಟಿ ಹರಿಹರಕ್ಕೆ ಬಂದರೆ ಉಳಿಯುವುದು 14. ಅಂದರೆ ಹರಿಹರ ಹೆಚ್ಚೂಕಡಿಮೆ ಶೇ 90. ಆ ಕಡೆಯಿಂದ ಬರುವ ನಮ್ಮೂರಿನವರೆಲ್ಲ ಫೋನಿನಲ್ಲಿ ಹೇಳುವುದು ಒಂದೇ ಮಾತು: ‘ಹರಿಹರ ದಾಟೇನಿ’. ಮನೆಯಲ್ಲಿ ಅವ್ವ ಹಂಚಿಟ್ಟು ರೊಟ್ಟಿ ತಟ್ಟಲು ಕೂರುತ್ತಾಳೆ. ಹಿಂದಿನಿಂದ ಕಂಡಕ್ಟರ್ ಹರಿಹರಕ್ಕೂ ಮೊದಲೇ ಸಿಗುವ ಊರಿನ ಹೆಸರು ‘ರಾಣೆಬೆನ್ನೂರು, ರಾಣೆಬೆನ್ನೂರು’ ಎಂದು ಕೂಗಿದ್ದು ಅವಳಿಗೂ ಕೇಳಿಸಿರುತ್ತದೆ. ಆದರೂ ತಟ್ಟುತ್ತಾಳೆ. ರೊಟ್ಟಿ ಆರುತ್ತದೆ.

ತಂತ್ರಾಂಶದ ಲೋಕದಲ್ಲೂ ಕೆಲಸಗಳು ಹೋಗಿ ನಿಲ್ಲುವುದು ಹರಿಹರದಲ್ಲೇ. ಅಮೆರಿಕದ ಬೆಲ್ ಲ್ಯಾಬ್ಸ್‌ನ ಟಾಮ್ ಕಾರ್ಗಿಲ್ ಹೆಸರಿನಲ್ಲಿ ಒಂದು ಕುಚೋದ್ಯದ ನಿಯಮವೇ ಇದೆ: ಮೊದಲ ಶೇ 90 ಭಾಗಕ್ಕೆ ಗೊತ್ತುಮಾಡಿದ ಸಮಯದ ಶೇ 90 ಹಿಡಿಯುತ್ತದೆ, ಉಳಿದ ಶೇ 10ಕ್ಕೆ ಇನ್ನೊಂದು ಶೇ 90. ಹಾಗಾಗಿ ‘ಎಷ್ಟು ಆಯಿತು’ ಚೌಕವನ್ನು ನಂಬಬೇಡಿ. ‘ಎಷ್ಟು ಉಳಿದಿದೆ’ ಚೌಕ ತುಂಬಿ. ಗಂಟೆ ಲೆಕ್ಕದಲ್ಲಿ ಬರೆಯಿರಿ.

ಹಂತ 4: ಒಮ್ಮೆಗೆ ಎಷ್ಟು ಹಿಡಿಯಬೇಕು?

ಬೆಣ್ಣೆ ದೋಸೆ ಹೋಟೆಲಿನ ಒಲೆಯ ಪಕ್ಕ ಐದು ನಿಮಿಷ ನಿಲ್ಲಿ. ಮಾಸ್ಟರ್ ಕಾವಲಿಗೆ ನೀರು ಚಿಮುಕಿಸಿ, ಪೊರಕೆಯಿಂದ ಒರೆಸಿ, ಸಾಲಾಗಿ ಎಂಟು ಹುಯ್ಯುತ್ತಾನೆ. ಬೆಣ್ಣೆ ಬೀಳುತ್ತದೆ, ಚುಂಯ್ ಅನ್ನುತ್ತದೆ. ಹೊರಗೆ ಇಪ್ಪತ್ತು ಮಂದಿ ಕಾಯುತ್ತಿರಲಿ, ಕಾರಿನಲ್ಲಿ ಬಂದವರು ಬೆರಳು ತೋರಿಸಲಿ, ಒಂಬತ್ತನೆಯದನ್ನು ಅವನು ಹುಯ್ಯುವುದಿಲ್ಲ, ಕಾವಲಿಯಲ್ಲಿ ಜಾಗವಿಲ್ಲ. ಮೊದಲಿನವು ತಟ್ಟೆಗೆ ಹೋಗಬೇಕು, ಆಮೇಲೆ ಮುಂದಿನವು. ಟೊಯೊಟಾ ಕಾರ್ಖಾನೆಯಲ್ಲಿ ತೈಚಿ ಓನೊ ಚೀಟಿಗಳ ಮೂಲಕ ರೂಪಿಸಿದ ‘ಕಾನ್‌ಬಾನ್’ ಪದ್ಧತಿಯ ಜೀವಾಳವೂ ಇಷ್ಟೇ, ನಿಮ್ಮ ಪರದೆಯ ಕಂಬಗಳು ಅದರ ಮೊಮ್ಮಕ್ಕಳು. ‘ನಡೆದಿದೆ’ ಕಂಬದಲ್ಲಿ ಹದಿನೈದು ಚೀಟಿ ಇಟ್ಟುಕೊಂಡವನು ಹದಿನೈದು ದೋಸೆಯನ್ನೂ ಸೀಯಿಸುತ್ತಾನೆ.

ಹಂತ 5: ‘ಮುಗಿದಿದೆ’ ಯಾವಾಗ ಒತ್ತಬೇಕು?

ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದರೂ ಲೇತ್ ಮುಂದೆ ನಿಂತವರ ನಿಯಮ ಇನ್ನೂ ಊರ್ಜಿತ. ಲೇತ್ ಶಾಪಿನಲ್ಲಿ ಜಾಬ್ ಕಾರ್ಡು ಬಿಡಿಭಾಗದ ಜೊತೆಗೇ ಹೋಗುತ್ತದೆ. ಕಡೆದವನು ತನ್ನ ಕಾರ್ಡಿಗೆ ತಾನೇ ಪಾಸ್ ಹಾಕಿಕೊಳ್ಳುವಂತಿಲ್ಲ. ಇನ್‌ಸ್ಪೆಕ್ಟರ್ ಮೈಕ್ರೊಮೀಟರ್ ಹಿಡಿದು ಅಳೆದು ಮುದ್ರೆ ಒತ್ತಬೇಕು. ನಿಮ್ಮ ಪರದೆಯ ‘ಪರಿಶೀಲನೆ’ ಕಂಬ ಇರುವುದು ಅದಕ್ಕೇ. ಅದನ್ನು ಹಾರಿ ಹೋಗಬೇಡಿ.

ದೋಷ ನಿವಾರಣೆ

ಮುಗಿದ ಕೆಲಸ ಮತ್ತೆ ತೆರೆದುಕೊಂಡಿದೆ: ಗಾಬರಿ ಬೇಡ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಹರಿಹರೇಶ್ವರ ದೇವಾಲಯ ಮುಗಿಸಿದ. 1268ರಲ್ಲಿ ದಂಡನಾಯಕ ಸೋಮ ಅದಕ್ಕೆ ಇನ್ನಷ್ಟು ಕಟ್ಟಿಸಿದ. 44 ವರ್ಷದ ಮೇಲೆ ಟಿಕೆಟ್ ಮರಳಿ ತೆರೆದರೂ ಪೋಲಾಳ್ವನ ಹೆಸರಿಗೆ ಕುಂದು ಬರಲಿಲ್ಲ.

ದಿನಕ್ಕೆ ನೂರು ನೋಟಿಫಿಕೇಶನ್: ಸೆಟ್ಟಿಂಗ್ಸ್‌ಗೆ ಹೋಗಿ, ನಿಮ್ಮ ಹೆಸರಿರುವವನ್ನು ಮಾತ್ರ ಉಳಿಸಿ.

ಮ್ಯಾನೇಜರ್ ಪರದೆ ನೋಡುವುದಿಲ್ಲ, ಫೋನ್ ಮಾಡಿಯೇ ಕೇಳುತ್ತಾರೆ: ಇದು ತಂತ್ರಾಂಶದ ದೋಷವಲ್ಲ. ನಿಮ್ಮ ಚೀಟಿಗಳು ಮೂರು ಬಾರಿ ಸುಳ್ಳು ಹೇಳಿವೆ.

ಖಾತರಿ

ತಂತ್ರಾಂಶಕ್ಕೆ ಒಂದು ವರ್ಷದ ಖಾತರಿ ಇದೆ. ‘ಆಗ್ತೈತಿ ಬಿಡ್ರಿ’ ಇದರ ವ್ಯಾಪ್ತಿಗೆ ಬರುವುದಿಲ್ಲ.

ಕೊನೆಯದಾಗಿ ಒಂದು ವಿನಂತಿ. ಸಂಜೆ ಆಫೀಸು ಬಿಡುವ ಮುನ್ನ ನಿಮ್ಮ ಹೆಸರಿನ ಚೀಟಿ ತೆರೆದು, ಕೆಲಸ ಎಲ್ಲಿದೆಯೋ ಅಲ್ಲೇ ಇದೆ ಎಂದು ಬರೆಯಿರಿ. ರಾಣೆಬೆನ್ನೂರಿನಲ್ಲಿದ್ದರೆ ರಾಣೆಬೆನ್ನೂರು ಎಂದೇ ಹೇಳಿ. ರೊಟ್ಟಿ ಎಷ್ಟು ಹೊತ್ತಿಗೆ ತಟ್ಟಬೇಕು ಎಂಬುದನ್ನು ಮನೆಯವರು ಲೆಕ್ಕ ಹಾಕಿಕೊಳ್ಳುತ್ತಾರೆ.