ಎಳೆಯುವ ಜೀಪು, ತಳ್ಳುವ ಟ್ರೇಲರ್

ಹಳೆಯ ಜೀಪು ಕೊಳ್ಳಲು ಹೊರಟವನಿಗೆ ಮಲೆನಾಡಿನಲ್ಲಿ ಸಲಹೆಗೆ ಬರವಿಲ್ಲ. ಹೆಣ್ಣು ನೋಡಲು ಹೋಗುವಾಗಲೂ ಅಷ್ಟು ಜನ ಜೊತೆಗೆ ಹೊರಡುವುದಿಲ್ಲ. ಒಬ್ಬ ಬಾನೆಟ್ ಎತ್ತಿ ಇಂಜಿನ್ನಿನ ಸದ್ದಿಗೆ ಕಿವಿಗೊಡುತ್ತಾನೆ, ಇನ್ನೊಬ್ಬ ಟೈರಿಗೆ ಒದೆಯುತ್ತಾನೆ, ಮೂರನೆಯವನು ಅಡಿಗೆ ತೂರಿ ಚಾಸಿಯನ್ನು ಬೆರಳಲ್ಲಿ ತಟ್ಟಿ ವೈದ್ಯರಂತೆ ಮುಖ ಗಂಭೀರ ಮಾಡುತ್ತಾನೆ. ಟೈರಿಗೆ ಒದ್ದರೆ ಏನು ತಿಳಿಯುತ್ತದೋ ಒದ್ದವನಿಗೂ ಗೊತ್ತಿರುವುದಿಲ್ಲ, ಆದರೆ ಒದೆಯದಿದ್ದರೆ ವ್ಯಾಪಾರಕ್ಕೆ ಕಳೆಯಿಲ್ಲ. ಇಷ್ಟೆಲ್ಲ ಮುಗಿದ ಮೇಲೆ ಎಲ್ಲರ ಬಾಯಲ್ಲೂ ಬರುವುದು ಒಂದೇ ಪ್ರಶ್ನೆ: ‘ಹಿಂದೆ ಟ್ರೇಲರ್ ಕಟ್ಟಿದರೆ ಎಷ್ಟು ಎಳೆಯುತ್ತೆ?’ ಬ್ರೋಕರನ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ‘ನಿಮ್ಮನೇನೇ ಕಟ್ಟಿ ಸಾರ್, ಎಳ್ಕೊಂಡು ಹೋಗುತ್ತೆ.’ ನನ್ನ ತಕರಾರು ಬ್ರೋಕರನ ಮೇಲಲ್ಲ; ಆತ ಹೇಳುವುದರಲ್ಲಿ ನಿಜವೂ ಬಹಳಷ್ಟಿದೆ. ತಕರಾರು ಪ್ರಶ್ನೆಯ ಮೇಲೆ. ಎಳೆಯುವುದೇನು ಮಹಾ ವಿದ್ಯೆಯಲ್ಲ. ಎಳೆದ ಭಾರ ಇಳಿಜಾರಿನಲ್ಲಿ ಬೆನ್ನ ಹಿಂದಿನಿಂದ ತಳ್ಳತೊಡಗಿದಾಗ ಅದನ್ನು ಹಿಡಿದು ನಿಲ್ಲಿಸುವವರು ಯಾರು ಎಂಬುದನ್ನು ಕೊಳ್ಳುವವನು ಕೇಳುವುದೇ ಇಲ್ಲ.

ಲೆಕ್ಕವನ್ನೇ ನೋಡಿ. ಒಂದು ಟನ್ ತೂಗುವ ಟ್ರೇಲರನ್ನು ಸಮತಟ್ಟಾದ ಟಾರು ರಸ್ತೆಯಲ್ಲಿ ಉರುಳಿಸುತ್ತಿರಲು ಬೇಕಾದದ್ದು 15-20 ಕೆಜಿ ಎತ್ತುವಷ್ಟು ಬಲ. ಇಬ್ಬರು ಆಳುಗಳು ಎಲೆಯಡಿಕೆ ಮೆಲ್ಲುತ್ತಲೇ ಅದನ್ನು ತಳ್ಳಿಬಿಡಬಹುದು. ಹತ್ತು ಅಡಿಗೆ ಒಂದು ಅಡಿ ಏರುವ ದಿಬ್ಬ ಬಂದರೆ ಇನ್ನೊಂದು 100 ಕೆಜಿಯಷ್ಟು ಬಲ ಸೇರಿಸಬೇಕು. ಫಸ್ಟ್ ಗೇರಿನಲ್ಲಿ ಯಾವ ಮುದಿ ಡೀಸೆಲ್ ಇಂಜಿನ್ನೂ ಗೊಣಗುತ್ತಲೇ ಅಷ್ಟು ಮಾಡಿಕೊಡುತ್ತದೆ. ಇನ್ನು ಇಳಿಜಾರಿನ ಲೆಕ್ಕ. ಜೀಪು ಒಂದೂವರೆ ಟನ್, ತುಂಬಿದ ಟ್ರೇಲರ್ ಒಂದು ಟನ್, ಒಟ್ಟು ಎರಡೂವರೆ ಟನ್ ಘಾಟಿಯಲ್ಲಿ 500 ಮೀಟರ್ ಎತ್ತರ ಇಳಿಯಿತು ಎನ್ನಿ. ಆಗ ಬಿಡುಗಡೆಯಾಗುವ ಶಕ್ತಿಯನ್ನೆಲ್ಲ ಶಾಖ ಮಾಡಿದರೆ ಸುಮಾರು 40 ಲೀಟರ್ ತಣ್ಣೀರನ್ನು ಕುದಿಸಬಹುದು. ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ ಒಂದು ಬಚ್ಚಲ ಹಂಡೆ. ಹಂಡೆಗೆ ಒಲೆ ಉರಿಸಲು ಒಂದು ಹೊರೆ ಸೌದೆ ಬೇಕು, ಅರ್ಧ ದಿನದ ಪುರುಸೊತ್ತೂ ಬೇಕು. ಜೀಪಿನವನು ಅದನ್ನೇ ಅರ್ಧ ಗಂಟೆಯೊಳಗೆ ನಾಲ್ಕು ಬ್ರೇಕ್ ಡ್ರಮ್ಮುಗಳ ಮೇಲೆ ಕಾಯಿಸುತ್ತಾನೆ. ಗಾಳಿ ಒಂದಿಷ್ಟು ತಡೆಯುತ್ತದೆ, ಕೆಳಗಿನ ಗೇರಿನಲ್ಲಿದ್ದರೆ ಇಂಜಿನ್ ದೊಡ್ಡ ಪಾಲನ್ನೇ ಹೊತ್ತುಕೊಳ್ಳುತ್ತದೆ ಎಂಬುದು ಸರಿ. ಆದರೆ ಡೀಸೆಲ್ ಉಳಿಸುವ ಆಸೆಗೆ ನ್ಯೂಟ್ರಲ್ಲಿನಲ್ಲಿ ಇಳಿಯುವ ಪುಣ್ಯಾತ್ಮರಿಗೆ ಆ ಪಾಲೂ ದಕ್ಕುವುದಿಲ್ಲ. ಕಾದ ಡ್ರಮ್ ಹಿಗ್ಗುತ್ತದೆ, ಲೈನರ್ ಹಿಡಿತ ಬಿಡುತ್ತದೆ, ಪೆಡಲ್ ಪಾತಾಳ ಹುಡುಕಿಕೊಂಡು ಹೋಗುತ್ತದೆ. ಆಮೇಲೆ ಬರುವ ತಿರುವಿನಲ್ಲಿ ಇಂಜಿನ್ನಿನ ಅಶ್ವಶಕ್ತಿಯ ಬಗ್ಗೆ ಯಾರೂ ಮಾತಾಡುವುದಿಲ್ಲ, ಮನೆದೇವರನ್ನು ನೆನೆಯುತ್ತಾರೆ.

ಇದನ್ನು ನಮ್ಮ ಹಿರಿಯರು ಫಿಸಿಕ್ಸ್ ಓದದೆಯೇ ಬಲ್ಲವರಾಗಿದ್ದರು. ಎತ್ತಿನ ಗಾಡಿಯಲ್ಲಿ ಎಳೆಯುವ ಕೆಲಸ ಎತ್ತಿನದು, ನಿಲ್ಲಿಸುವ ಕೆಲಸ ಗಾಡಿಯದು. ಇಳಿಜಾರು ಬಂತೆಂದರೆ ಗಾಡಿಯವನು ಹಗ್ಗ ಬಿಗಿದು ಚಕ್ರಕ್ಕೆ ಮರದ ಬಿರಿ ಒತ್ತುತ್ತಿದ್ದ. ಎತ್ತಿನ ಕಾಲಿಗೆ ಬಿರಿ ಕಟ್ಟುವ ಯೋಚನೆ ಯಾವ ದಡ್ಡನಿಗೂ ಬಂದಿರಲಿಲ್ಲ. ನಾವು ಮಾತ್ರ ಎತ್ತಿನ ಜಾಗಕ್ಕೆ ಜೀಪು ತಂದು, ಗಾಡಿಯ ಜಾಗಕ್ಕೆ ಊರಿನ ವೆಲ್ಡಿಂಗ್ ಶೆಡ್ಡಿನಲ್ಲಿ ಹುಟ್ಟಿದ ಟ್ರೇಲರ್ ತಂದು, ಆ ಗಡಿಬಿಡಿಯಲ್ಲಿ ಬಿರಿಯನ್ನು ಕೊಟ್ಟಿಗೆಯಲ್ಲೇ ಮರೆತು ಬಂದೆವು. ಟ್ರೇಲರಿನ ಬ್ರೇಕು ಶೋಕಿಯ ಸಾಮಾನಲ್ಲ ಎಂಬುದಕ್ಕೆ ಬ್ರಿಟನ್ನಿನ ಒಂದು ಸಾಕ್ಷಿ ಸಾಕು. ಅಲ್ಲಿನ ರೈತರ ಕಣ್ಮಣಿಯಾಗಿದ್ದ ಹಳೆಯ ಲ್ಯಾಂಡ್ ರೋವರ್ ಡಿಫೆಂಡರ್, ಬ್ರೇಕ್ ಇರುವ ಟ್ರೇಲರಾದರೆ 3,500 ಕೆಜಿ ಎಳೆಯಬಹುದು. ಬ್ರೇಕ್ ಇಲ್ಲದ ಟ್ರೇಲರಾದರೆ? 750 ಕೆಜಿ. ಇಂಜಿನ್ ಅದೇ, ಗೇರು ಅದೇ, ಸ್ಟೀರಿಂಗ್ ಹಿಡಿದ ರೈತನೂ ಅವನೇ. ಬದಲಾದದ್ದು ಟ್ರೇಲರಿನ ಚಕ್ರದೊಳಗಿನ ಬ್ರೇಕು. ಎಷ್ಟು ಎಳೆಯಬಹುದು ಎಂಬುದನ್ನು ಮುಂದಿನ ಇಂಜಿನ್ನಿಗಿಂತ ಹಿಂದಿನ ಬ್ರೇಕೇ ತೀರ್ಮಾನಿಸುತ್ತದೆ ಎಂದು ಇದಕ್ಕಿಂತ ಬಿಡಿಸಿ ಹೇಳುವುದು ಹೇಗೋ ನನಗೆ ತಿಳಿಯದು. ಅಂಥ ಟ್ರೇಲರುಗಳ ಯುಕ್ತಿಯೂ ಸೊಗಸು. ಜೀಪು ನಿಧಾನಿಸಿದೊಡನೆ ಟ್ರೇಲರ್ ಮುನ್ನುಗ್ಗಿ ಕೊಂಡಿಯನ್ನು ಒತ್ತುತ್ತದೆ. ಆ ಒತ್ತುವಿಕೆಯೇ ಸರಳನ್ನು ತಳ್ಳಿ ಟ್ರೇಲರಿನ ಬ್ರೇಕನ್ನು ಬಿಗಿಯುತ್ತದೆ. ಹೆಚ್ಚು ತಳ್ಳಿದಷ್ಟೂ ಹೆಚ್ಚು ಬಿಗಿ. ಸಂಸಾರದಲ್ಲೂ ಇಂಥದೊಂದು ಏರ್ಪಾಡಿದ್ದರೆ ಎಷ್ಟು ಜಗಳ ತಪ್ಪುತ್ತಿತ್ತೋ.

‘ಫೋರ್ ವೀಲ್ ಇದೆಯಲ್ಲ, ಅದು ಹಿಡಿಯುತ್ತೆ ಬಿಡಿ’ ಎನ್ನುವವರಿದ್ದಾರೆ. ಈ ನಂಬಿಕೆ ಎಷ್ಟು ಗಟ್ಟಿಯೆಂದರೆ, ಡ್ಯಾಶ್‌ಬೋರ್ಡಿನ ಮೇಲಿನ ಗಣಪತಿಗಿಂತ ಗೇರಿನ ಪಕ್ಕದ ಆ ಚಿಕ್ಕ ಲಿವರಿನ ಮೇಲೆಯೇ ಜನಕ್ಕೆ ಹೆಚ್ಚು ಭಕ್ತಿ. ಫೋರ್ ವೀಲ್ ಡ್ರೈವ್ ಎಂದರೆ ಇಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ ಹೋಗುವುದು. ಬ್ರೇಕಿನ ವಿಷಯಕ್ಕೆ ಬಂದರೆ ಹೊಸ ಆಲ್ಟೊ ಕಾರೂ ಫೋರ್ ವೀಲೇ. ಅದೂ ಅಲ್ಲದೆ ನಮ್ಮ ಹಳೆಯ ಜೀಪುಗಳಲ್ಲಿ ಫೋರ್ ವೀಲ್ ಹಾಕಿದರೆ ಮುಂದಿನ ಆಕ್ಸೆಲ್ಲೂ ಹಿಂದಿನದೂ ಒಂದಕ್ಕೊಂದು ಬಿಗಿದುಕೊಂಡು ಒಂದೇ ವೇಗದಲ್ಲಿ ತಿರುಗಬೇಕಾಗುತ್ತದೆ. ತಿರುವಿನಲ್ಲಾದರೋ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸುತ್ತಬೇಕು. ಕೆಸರಿನಲ್ಲಿ ಟೈರು ಒಂದಿಷ್ಟು ಜಾರಿ ಈ ವ್ಯಾಜ್ಯ ಅಲ್ಲೇ ಪರಿಹಾರವಾಗುತ್ತದೆ. ಒಣಗಿದ ಟಾರಿನ ಮೇಲೆ ಜಾರಲು ಆಸ್ಪದವಿಲ್ಲದೆ ಶಾಫ್ಟು, ಗೇರುಗಳು ಹೊರೆ ಹೊತ್ತು ನರಳುತ್ತವೆ. ಹಾಗಾಗಿ ಘಾಟಿಯ ಒಳ್ಳೆಯ ರಸ್ತೆಯಲ್ಲಿ ಆ ಲಿವರನ್ನು ಮುಟ್ಟುವಂತೆಯೇ ಇಲ್ಲ. ದುಡ್ಡು ಕೊಟ್ಟು ತಂದದ್ದು ಮದುವೆಯ ರೇಷ್ಮೆ ಸೀರೆಯಂತೆ ವರ್ಷಕ್ಕೆ ನಾಲ್ಕು ದಿನ ಹೊರಬರುತ್ತದೆ. ಆ ನಾಲ್ಕು ದಿನಗಳ ಬೆಲೆಯನ್ನು ನಾನು ಅಲ್ಲಗಳೆಯುವುದಿಲ್ಲ. ಜುಲೈ ತಿಂಗಳ ತೋಟದ ಮಣ್ಣು ರಸ್ತೆಯಲ್ಲಿ ‘ಲೋ’ ಹಾಕಿದರೆ ವೇಗ ಸುಮಾರು ಎರಡೂವರೆ ಪಟ್ಟು ತಗ್ಗಿ, ಏರುವಾಗ ಎಳೆತಕ್ಕೂ ಇಳಿಯುವಾಗ ಹಿಡಿತಕ್ಕೂ ಒದಗುವ ಸುಖ ಬೇರೆಯೇ. ಕೆಲವು ಗಾಡಿಗಳಲ್ಲಿ ಅದಕ್ಕೂ ಮುಂಚೆ ಮಳೆಯಲ್ಲಿ ಇಳಿದು, ಜಿಗಣೆಗಳ ನಡುವೆ ಕುಕ್ಕರುಗಾಲಲ್ಲಿ ಕೂತು ಮುಂದಿನ ಎರಡು ಹಬ್ಬುಗಳನ್ನು ಕೈಯಿಂದ ತಿರುಗಿಸಬೇಕು. ಅದನ್ನು ಮಾರುವವನು ಹೇಳುವುದಿಲ್ಲ.

ಇಷ್ಟಕ್ಕೆ ಹಿರಿಯರೊಬ್ಬರು ಎದ್ದು, ‘ನಮ್ಮ ಕಾಲದ ವಿಲ್ಲಿಸ್ ಜೀಪು ಏನೇನು ಎಳೆಯುತ್ತಿತ್ತು ಗೊತ್ತಾ?’ ಎಂದು ಕೇಳುವುದು ಖಂಡಿತ. ವಿಲ್ಲಿಸ್ ಬಗ್ಗೆ ನನಗೂ ಗೌರವವಿದೆ. 2.2 ಲೀಟರಿನ ಪೆಟ್ರೋಲ್ ಇಂಜಿನ್, 60 ಅಶ್ವಶಕ್ತಿ. ಎರಡನೇ ಮಹಾಯುದ್ಧದಲ್ಲಿ ಅದು ಓಡಾಡದ ಭೂಖಂಡಗಳು ಕಡಿಮೆ. ಆದರೆ ಅದನ್ನು ಮಾಡಿಸಿದ ಅಮೆರಿಕದ ಸೈನ್ಯ ಅದರ ಹಿಂದೆ ಕಟ್ಟಲೆಂದು ರೂಪಿಸಿದ ಟ್ರೇಲರ್ ಎಷ್ಟರದು? ಕಾಲು ಟನ್ನಿನದು. ಸುಮಾರು 225 ಕೆಜಿ ಸಾಮಾನು. 50 ಕೆಜಿಯ ಕಾಫಿ ಚೀಲದ ಲೆಕ್ಕದಲ್ಲಿ ನಾಲ್ಕೂವರೆ ಚೀಲ. ಹಿಟ್ಲರನನ್ನು ಸೋಲಿಸಲು ಸಾಕಾದ ಭಾರ ನಮ್ಮ ತೋಟದ ಮಧ್ಯಾಹ್ನದ ಟ್ರಿಪ್ಪಿಗೆ ಸಾಲದಾಯಿತು! ಅಜ್ಜಂದಿರು ಅದರ ನಾಲ್ಕು ಪಟ್ಟು ಎಳೆಸಿದ್ದು ಸುಳ್ಳೇನಲ್ಲ. ಎಳೆಸಿ ಮನೆಗೆ ಬಂದವರು ಕತೆ ಹೇಳಿದರು. ಬಾರದವರ ಕತೆ ಹೇಳಲು ಯಾರೂ ಉಳಿದಿರಲಿಲ್ಲ ಎಂಬುದನ್ನಷ್ಟೇ ನಾನು ಸೇರಿಸಬಯಸುತ್ತೇನೆ.

ಹಾಗಾದರೆ ಕೊಳ್ಳುವುದು ಯಾವುದನ್ನು? ಇಲ್ಲಿ ನನ್ನ ವಾದ ಸೌಂದರ್ಯಪ್ರಿಯರಿಗೆ ಹಿಡಿಸಲಾರದು. ಹಿಂದಿನ ಭಾರ ತಳ್ಳಿದಾಗ ಅಲುಗದಿರಲು ಗಾಡಿಗೆ ಮೊದಲು ಬೇಕಾದದ್ದು ಸ್ವಂತ ತೂಕ, ಎರಡನೆಯದು ಉದ್ದ. ಮಾರುತಿ ಜಿಪ್ಸಿಯನ್ನು ನೋಡಿ. ಸೈನ್ಯ ದಶಕಗಟ್ಟಲೆ ಬಳಸಿದ ಗಾಡಿ, ಮೇಕೆಯಂತೆ ಎಲ್ಲಿ ಬೇಕಾದರೂ ಹತ್ತುತ್ತದೆ. ಆದರೆ ಅದರ ತೂಕವೇ ಸುಮಾರು ಒಂದು ಟನ್. ಅದರ ಬೆನ್ನಿಗೆ ಒಂದು ಟನ್ನಿನ ಟ್ರೇಲರ್ ಕಟ್ಟಿದರೆ ಯಾರು ಯಾರನ್ನು ಕರೆದೊಯ್ಯುತ್ತಿದ್ದಾರೆ ಎಂಬುದು ಮೊದಲ ತಿರುವಿನವರೆಗೆ ಮಾತ್ರ ಸ್ಪಷ್ಟ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಇರುವ ಅಂತರ ಜಿಪ್ಸಿಯದು 2,375 ಮಿಲಿಮೀಟರ್, 2010ರಲ್ಲಿ ಬಂದ ಮೊದಲ ಥಾರ್‌ನದು 2,430, ಬೊಲೆರೊದ್ದು 2,680, ಇಸುಜು ವಿ-ಕ್ರಾಸ್‌ನದು 3,095. ಈ ಅಂತರ ಹೆಚ್ಚಿದಷ್ಟೂ ಟ್ರೇಲರಿನ ಓಲಾಟ ಮುಂದಿನ ಗಾಡಿಯನ್ನು ತಿರುಚುವುದು ಕಷ್ಟವಾಗುತ್ತದೆ. ವಿ-ಕ್ರಾಸ್ ತೂಕವೂ ಹೆಚ್ಚುಕಡಿಮೆ 1,900 ಕೆಜಿ. ಅಂದರೆ ಫೋಟೊ ತೆಗೆಸಿಕೊಳ್ಳಲು ಯಾವ ಗಾಡಿ ಚೆನ್ನವೋ ಅದು ಟ್ರೇಲರಿಗೆ ಚೆನ್ನಲ್ಲ. ಗಿಡ್ಡ ಜೀಪಿನ ಚೆಲುವು ಅದರ ಗಿಡ್ಡತನದಲ್ಲೇ ಇದೆಯಲ್ಲ. ದುಡ್ಡಿದ್ದವರು ಹಳೆಯ ವಿ-ಕ್ರಾಸ್ ಹುಡುಕಲಿ. ಇಲ್ಲದವರು ಫೋರ್ ವೀಲ್ ಇರುವ ಹಳೆಯ ಬೊಲೆರೊ ಕ್ಯಾಂಪರನ್ನು ಹುಡುಕುವುದೇ ಸರಿ ಎಂದು ನನ್ನ ಮತ. ನೋಡಲು ಅದು ಸಹಕಾರ ಸಂಘದ ಗೋದಾಮಿನಂತಿದೆ, ನಿಜ. ಆದರೆ ಶೃಂಗೇರಿಯಲ್ಲಿ ಕೆಟ್ಟರೂ ಸಿರಸಿಯಲ್ಲಿ ಕೆಟ್ಟರೂ ಅದರ ಹೊಟ್ಟೆ ಬಗೆದು ಗೊತ್ತಿರುವ ಮೆಕ್ಯಾನಿಕ್ಕು ಸಿಗುತ್ತಾನೆ. ಟರ್ಬೊ, ಅಶ್ವಶಕ್ತಿ ಎಂದು ಹಳೆಯ ದುಬಾರಿ ವಿದೇಶಿ ಗಾಡಿಯನ್ನು ಅಗ್ಗಕ್ಕೆ ತಂದವರು, ಅದನ್ನು ತಂದ ದರದಲ್ಲೇ ಅದರ ಗೇರ್‌ಬಾಕ್ಸೂ ಬರುತ್ತದೆಂದು ಆಮೇಲೆ ಅರಿಯುತ್ತಾರೆ.

ಅಗ್ಗದ ಮಾತು ಬಂದದ್ದರಿಂದ ದೆಹಲಿ ಗಾಡಿಯ ವಿಷಯವನ್ನೂ ಹೇಳಿಬಿಡಬೇಕು. 2015ರಲ್ಲಿ ಹಸಿರು ನ್ಯಾಯಮಂಡಳಿ ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳನ್ನು ತಡೆದ ಮೇಲೆ, ಇನ್ನೂ ಗಟ್ಟಿಮುಟ್ಟಾದ ಗಾಡಿಗಳು ವಾನಪ್ರಸ್ಥಕ್ಕೆಂದು ಉಳಿದ ರಾಜ್ಯಗಳತ್ತ ಹೊರಟವು. ಬೆಲೆ ಕೇಳಿದರೆ ಬಾಯಲ್ಲಿ ನೀರೂರುತ್ತದೆ. ಇಲ್ಲಿಗೆ ತಂದು ಕರ್ನಾಟಕದ ತೆರಿಗೆ ಕಟ್ಟಿ ನಂಬರ್ ಬದಲಿಸುವಾಗ ಆ ನೀರು ಕಣ್ಣಿಗೆ ಬರುತ್ತದೆ. 15 ವರ್ಷವಾದ ಖಾಸಗಿ ಗಾಡಿಗೆ ಆರ್‌ಸಿ ನವೀಕರಣದ ಶುಲ್ಕವೇ 2022ರ ಏಪ್ರಿಲಿನಿಂದ 600 ರೂಪಾಯಿಯಿದ್ದದ್ದು 5,000ಕ್ಕೆ ಜಿಗಿಯಿತು. ಅದಕ್ಕಿಂತ, ಬಯಲುಸೀಮೆಯ ಗಾಡಿ ನೋಡುವುದು ಮೇಲು. ಕರಾವಳಿಯ ಉಪ್ಪುಗಾಳಿ ತಿಂದ ಚಾಸಿ ಹೊರಗಿನಿಂದ ಹೊಸ ಪೇಂಟಿನಲ್ಲಿ ನಗುತ್ತ ಒಳಗಿನಿಂದ ಹಪ್ಪಳವಾಗಿರುತ್ತದೆ. ಚಿತ್ರದುರ್ಗದ ಕಡೆಯದಾದರೆ ಇಂಜಿನ್ನಿಗೆ ಧೂಳು ಹೊಡೆದಿದ್ದರೂ ಕಬ್ಬಿಣ ಕಬ್ಬಿಣವಾಗಿಯೇ ಇರುತ್ತದೆ. ಇಂಜಿನ್ ಬಿಚ್ಚಿ ಕಟ್ಟಬಹುದು. ಕೊಂಡಿ ಕೂರುವುದು ಚಾಸಿಯ ಮೇಲೆ. ಬಂಪರಿಗೆ ವೆಲ್ಡ್ ಮಾಡಿದ ಕೊಂಡಿ ಕಂಡರೆ ಚೌಕಾಸಿಗೂ ನಿಲ್ಲದೆ ಬಂದುಬಿಡಿ. ಕೈಯಲ್ಲಿರುವ ದುಡ್ಡಿನ ಕಾಲು ಭಾಗವನ್ನಾದರೂ ಬ್ರೇಕು, ಕ್ಲಚ್ಚು, ಟೈರುಗಳಿಗೆಂದು ಎತ್ತಿಟ್ಟು ಉಳಿದದ್ದರಲ್ಲಿ ಗಾಡಿ ಹುಡುಕಬೇಕು. ಜನ ಮಾಡುವುದು ಇದರ ತಿರುಗುಮುರುಗು: ಇದ್ದದ್ದನ್ನೆಲ್ಲ ಗಾಡಿಗೆ ಸುರಿದು, ಉಳಿದ ಚಿಲ್ಲರೆಯಲ್ಲಿ ಹಿಂದಿನ ಗಾಜಿಗೆ ‘ಮಲೆನಾಡ ಹುಲಿ’ ಎಂದು ಬರೆಸುತ್ತಾರೆ.

ಭಾರ ಹೇರುವುದರಲ್ಲೂ ಗಾಡಿಯವನ ಹಳೆಯ ಬುದ್ಧಿಯೇ ಬೇಕು. ಎತ್ತಿನ ಗಾಡಿಗೆ ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಹಿಡಿಯುತ್ತಿತ್ತು, ಮುಂಭಾರವಾದರೆ ನೊಗ ಹೆಗಲು ಒತ್ತುತ್ತಿತ್ತು. ಎತ್ತು ನಿಂತ ಬಗೆ ನೋಡಿಯೇ ಚೀಲ ಅತ್ತಿತ್ತ ಸರಿಸುತ್ತಿದ್ದರು. ಜೀಪು ಕೊರಳು ಕೊಂಕಿಸಿ ತೋರಿಸದು. ಹಿಂಭಾರವಾದ ಟ್ರೇಲರ್ ಜೀಪಿನ ಹಿಂಬದಿಯನ್ನು ಎತ್ತಿ ಹಿಂದಿನ ಚಕ್ರಗಳ ಹಿಡಿತ ಕದಿಯುತ್ತದೆ, ವೇಗ ಹೆಚ್ಚಿದಂತೆ ಹಾವಿನಂತೆ ತೆವಳತೊಡಗುತ್ತದೆ. ಒಟ್ಟು ತೂಕದ ಹತ್ತರಲ್ಲೊಂದು ಪಾಲು ಕೊಂಡಿಯ ಮೇಲೆ ಬೀಳುವಂತೆ, ಅಚ್ಚಿಗಿಂತ ತುಸು ಮುಂದಕ್ಕೆ ಭಾರ ಇಟ್ಟರೆ ಅದು ಸಾಧುವಾಗಿ ಹಿಂಬಾಲಿಸುತ್ತದೆ. ಇಷ್ಟೆಲ್ಲ ಮರ್ಯಾದೆ ಒಂದು ತಗಡಿನ ಡಬ್ಬಿಗೇಕೆ ಎನ್ನಬೇಡಿ. ಮೋಟಾರೇ ಇಲ್ಲದ ಟ್ರೇಲರನ್ನೂ 1988ರ ಮೋಟಾರು ವಾಹನ ಕಾಯ್ದೆ ಮೋಟಾರು ವಾಹನವೆಂದೇ ಕರೆಯುತ್ತದೆ. ಅದಕ್ಕೆ ಬೇರೆಯೇ ನೋಂದಣಿ ಆಗಬೇಕು. ಕಾಯ್ದೆ ಬರೆದವರು ಅದು ಇಳಿಜಾರಿನಲ್ಲಿ ತಾನೇ ಓಡುವುದನ್ನು ಕಂಡಿರಬೇಕು.

‘ಇಷ್ಟು ತಾಪತ್ರಯವೇಕೆ, ಟ್ರ್ಯಾಕ್ಟರ್ ಇಲ್ಲವೇ?’ ಎನ್ನುವವರ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ, ಅದಕ್ಕೆ ನಾನು ಅರ್ಧ ಸೋಲುತ್ತೇನೆ. ವರ್ಷದಲ್ಲಿ ಇಪ್ಪತ್ತು ದಿನ ಕೊಯ್ಲಿನ ಚೀಲ ಸಾಗಿಸುವವನಿಗೆ ಬಾಡಿಗೆ ಪಿಕಪ್ಪೇ ಲಾಭ. ಗದ್ದೆಯೂ ಇದ್ದವನಿಗೆ ಟ್ರ್ಯಾಕ್ಟರೇ ಲಾಭ. ಆದರೆ ಟ್ರ್ಯಾಕ್ಟರಿನಲ್ಲಿ ಮಕ್ಕಳನ್ನು ಶಾಲೆಗೆ ಬಿಟ್ಟು, ಗೊಬ್ಬರ ಎಳೆದು, ಸಂಜೆ ಹೆಂಡತಿಯೊಡನೆ ನಾಮಕರಣಕ್ಕೆ ಹೋಗುವಂತಿಲ್ಲ. ಒಂದೇ ಗಾಡಿ ಎಲ್ಲಕ್ಕೂ ಆಗಬೇಕೆಂಬುದು ಬಡವನ ಅಗತ್ಯ, ದುರಾಸೆಯಲ್ಲ. ಅಲ್ಲದೆ ಬ್ರೇಕಿಲ್ಲದ ಟ್ರೇಲರ್ ತಳ್ಳುವಾಗ ಮುಂದೆ ಇರುವುದು ಟ್ರ್ಯಾಕ್ಟರೋ ಜೀಪೋ ಎಂದು ಭೇದವೆಣಿಸುವುದಿಲ್ಲ.

ಆದ್ದರಿಂದ ಗಾಡಿ ನೋಡಲು ಹೋದಾಗ ಟ್ರಯಲ್ಲನ್ನು ಬ್ರೋಕರನ ಇಷ್ಟಕ್ಕೆ ಬಿಡಬಾರದು. ಅವನು ಹತ್ತಿರದ ದಿಬ್ಬವನ್ನು ಮೊದಲೇ ಗೊತ್ತುಮಾಡಿಟ್ಟಿರುತ್ತಾನೆ. ಥರ್ಡ್ ಗೇರಿನಲ್ಲಿ ಹತ್ತಿಸಿ, ‘ನೋಡಿದ್ರಾ ಸಾರ್, ಬೆವರೇ ಇಲ್ಲ’ ಎಂದು ತಾನೇ ಬೆವರು ಒರೆಸಿಕೊಳ್ಳುತ್ತಾನೆ. ಹತ್ತಿದ್ದನ್ನು ಮೆಚ್ಚಿಕೊಳ್ಳಿ, ಚಹಾ ಕುಡಿಸಿದರೆ ಕುಡಿಯಿರಿ. ಆಮೇಲೆ ಒಂದು ಟ್ರೇಲರ್ ಕೇಳಿ ಪಡೆದು, ಅದಕ್ಕೆ ಹತ್ತು ಚೀಲ ಹೇರಿಸಿ, ಅದೇ ದಿಬ್ಬವನ್ನು ಸೆಕೆಂಡ್ ಗೇರಿನಲ್ಲಿ ಇಳಿಯೋಣ, ನಡುವೆ ಎರಡು ಕಡೆ ನಿಲ್ಲಿಸೋಣ ಎನ್ನಿ. ಬ್ರೋಕರ್ ಮಾತಿಲ್ಲದೆ ಹತ್ತಿ ನಿಮ್ಮ ಪಕ್ಕ ಕೂತರೆ ರೇಟು ಮಾತಾಡಬಹುದು. ‘ನೀವು ಹೋಗಿ ಬನ್ನಿ ಸಾರ್, ನಾನು ಇಲ್ಲೇ ಇರ್ತೀನಿ’ ಎಂದು ಕೀಲಿಕೈ ನಿಮ್ಮ ಕೈಗಿತ್ತು ಮರದ ನೆರಳಿಗೆ ಸರಿದನೋ, ಚಹಾದ ದುಡ್ಡು ನೀವೇ ಕೊಟ್ಟು ಬಸ್ಸು ಹತ್ತಿ.